ನಮ್ಮ ಬೀದಿಯಲ್ಲಿ ನಿಂತು ನೋಡಿದ ನಾಯಿ

...ಅದಕ್ಕೇ ನೀಲಾ, ಮರಿ ಬೇಡವೆಂದು ನಿನ್ನೆ ಬರೆದಿದ್ದೆನಲ್ಲ, ಇವತ್ತು ಗಾವಡಗೆರೆಯ ಚಿಕ್ಕಬಸಪ್ಪನ ಮನೆಯಿಂದ ದೊಡ್ಡ ನಾಯಿಯನ್ನೇ ತಂದೆ. ನೀನು ಕಣ್ಣು ಮುಚ್ಚಿದ ಮೇಲೆ ಮನೆಗೊಂದು ಜೀವ ಬೇಕಿತ್ತು, ಆದರೆ ನನ್ನ ಮಂಡಿನೋವಿಗೆ ಕುಣಿದಾಡುವ ನಾಯಿ ಆಗದು. ಇದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಪಕ್ಕ ಬೆಚ್ಚಗೆ ಮಲಗಿತ್ತು, ನನ್ನನ್ನು ಕಂಡರೂ ಏಳಲಿಲ್ಲ. ಶಾಂತ ಸ್ವಭಾವದ್ದು, ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ‘ಕಾಮ್ ಅಂಡ್ ಕಂಪೋಸ್ಡ್’. ಮುಂದೆ ಇನ್ನೇನೋ ಇತ್ತು, ಮರೆತೆ.

“ಇದು ಬೊಗಳಾಕೂ ಸೋಮಾರಿ ಕಣ್ರೀ ಮೇಷ್ಟ್ರೇ,” ಅಂದ ಚಿಕ್ಕಬಸಪ್ಪ.

“ನಂಗೂ ಅಂಗೇ ಇರೋದೇ ಬೇಕು ಬುಡಪ್ಪ,” ಅಂದೆ.

ಆಟೋ ಇಳಿದು ನಮ್ಮ ಬೀದಿಯಲ್ಲಿ ನಡೆಯುವಾಗ ಹಗ್ಗ ಕೈಜಾರಿತು. ಓಡಿಹೋಗುತ್ತದೆಂದು ಹೆದರಿದೆ. ಅದು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು, ತಿರುಗಿ ನೋಡಿತು. ನಾನು ಹತ್ತಿರ ಬಂದ ಮೇಲೇ ಮುಂದಕ್ಕೆ ನಡೆಯಿತು. ಮನೆಯ ತನಕವೂ ಹೀಗೆಯೇ.

ಮೂವತ್ತೆಂಟು ವರ್ಷ ಇದೇ ಬೀದಿಯಲ್ಲಿ ಬಸ್ಸಿಗೆ ಹೊತ್ತಾಯಿತೆಂದು ನಾನು ಮುಂದೆ, ಚೀಲ ಹೊತ್ತು ನೀನು ಹಿಂದೆ. “ಒಸಿ ನಿಂತ್ಕೊಳ್ರೀ,” ಅಂತ ನೀನು ಕೂಗುತ್ತಿದ್ದೆ, ನಾನು ನಿಲ್ಲುತ್ತಿರಲಿಲ್ಲ. ನಮಗೆ ಬಸ್ಸು ಒಂದು ದಿನವೂ ತಪ್ಪಲಿಲ್ಲ, ನೀಲಾ.

ಬೆಳಕು ಹೋಗುತ್ತಿದೆ. ಬರೆದ ಸಾಲು ಕಾಣುತ್ತಿಲ್ಲ.