ಹೊಂಬಳದ ದೊಡ್ಡವ್ವ

ಅಂಕಿತಾ,

ನೀ ಇನ್ನೂ ಮಲಗಿದ್ದಿ, ಎಬ್ಬಸಲಿಲ್ಲ. ರೊಟ್ಟಿ ಬುಟ್ಟ್ಯಾಗ ಅದಾವು, ಬದನಿಕಾಯಿ ಪಲ್ಯ ಮುಚ್ಚಿಟ್ಟೇನಿ. ಉಪಾಸ ಕಾಲೇಜಿಗೆ ಹೋಗಬ್ಯಾಡ. ಅಜ್ಜಿಗೆ ಬಿಪಿ ಗುಳಗಿ ನೀನ ಕೊಡು, ನಾ ಕೊಟ್ರ ಇನ್ನೂ ತಗೊಳ್ಳೂದಿಲ್ಲ. ಒಗದ ಅರಿವಿ ಮಾಳಿಗಿ ಮ್ಯಾಲ ಅದಾವು, ಮಳಿ ಬಂದ್ರ ತಗಿ.

ಇವತ್ತ ಗದಗ ಕೋರ್ಟಿನ್ಯಾಗ ತೀರ್ಪು ಐತಿ. ನಿಮ್ಮ ಕಾಕು, ನನ್ನ ಮೈದುನನ ಹೆಂಡ್ತಿ, ಬೆಂಕಿ ಹತ್ತಿ ಸತ್ತಿದ್ದಕ್ಕ ನಾನ ಕಾರಣ ಅಂತ ಮೂರು ವರ್ಷ ಜೈಲಿನ್ಯಾಗ ಇಟ್ಟಿದ್ರು. ನೀ ಒಮ್ಮೆನೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಆಕಿ ಮೈಮ್ಯಾಲ ಕೌದಿ ಹಾಕಿ ಬೆಂಕಿ ಆರಿಸಿದಾಕಿ ನಾನ. ಬಿಡುಗಡಿ ಆಗ್ತೈತಿ ಅಂತಾರ ವಕೀಲರು. ಆಗದಿದ್ರ ಅಲ್ಲಿಂದನ ನನ್ನ ಒಯ್ತಾರ. ಸಂಜಿಮುಂದ ಬರಲಿಲ್ಲಂದ್ರ ದಾರಿ ಕಾಯಬ್ಯಾಡ, ಬಾಗಲಾ ಹಾಕ್ಕೊಂಡು ಅಜ್ಜಿ ಮಗ್ಗಲಾಗ ಮಲಕ್ಕೋ.

ಇನ್ನೊಂದು ಮಾತು. ಮೊನ್ನೆ ನಿನ್ನ ಗೆಳತ್ಯಾರು "ಇವರ್ಯಾರ?" ಅಂತ ಕೇಳಿದಾಗ "ಹೊಂಬಳದ ನಮ್ಮ ದೊಡ್ಡವ್ವ" ಅಂದಿ. ನಾ ಒಳಗ ಹೋಗಿ ಚಾ ಮಾಡ್ಕೊಂಡು ಬಂದೆ. ದೊಡ್ಡವ್ವನಂಗನ ಕುಂತು, ಹೊಂಬಳದಾಗ ಶೇಂಗಾ ಚಲೋ ಬಂದೈತಿ ಅಂತ ಅವರ ಕೂಡ ಮಾತಾಡಿದೆ. ಅವರು ಹೋದ ಮ್ಯಾಲ ನೀ ನನ್ನ ಮುಖಾ ನೋಡಲಿಲ್ಲ. ನಂಗ ಸಿಟ್ಟಿಲ್ಲವ್ವಾ. ಖರೆ ಹೇಳಬೇಕಂದ್ರ ಕೇಳಿ ಹಗುರಾತು. ಜಾಮೀನಿನ ಮ್ಯಾಲ ಮನಿಗೆ ಬಂದಾಗಿಂದ ನೀ ನನ್ನ ಅವ್ವ ಅನ್ನೂದಿರಲಿ, ಏನಂತನೂ ಕರದಿರಲಿಲ್ಲ.

ತಿರುಗಿ ಬಂದ್ರ, ಯಾರೂ ಇಲ್ಲದಾಗೂ ದೊಡ್ಡವ್ವ ಅಂತನ ಕರಿ. ನಡೀತೈತಿ.