ಮುಚ್ಚಳ ತೆಗೆಯುವ ದರ

ಪ್ರೀತಿಯ ಅತ್ತೆಗೆ,

ನಿಮ್ಮ ಸಕ್ಕರೆ ಡಬ್ಬಿಯ ಇರುವೆಗಳ ಬಗ್ಗೆ ನಾನು ಬರೆದ ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಬಂತು, ಆದರೆ ದುಡ್ಡು ಕೊಟ್ಟವರಿಗಷ್ಟೇ ಓದಲು ಸಿಗುತ್ತದೆ. ನೀವೂ ಓದುವಂತೆ ಅದನ್ನು ಎಲ್ಲರಿಗೂ ತೆರೆದಿಡಿ ಎಂದು ಕೇಳಲು ಅವರ ಏಳಂತಸ್ತಿನ ಗಾಜಿನ ಕಚೇರಿಗೇ ಹೋದೆ.

"ಮುಚ್ಚಿಡೋದು ಪುಕ್ಕಟೆ ಮೇಡಂ. ತೆರೆದಿಡೋಕೆ ನಿಮ್ಮ ಆರು ತಿಂಗಳ ಸಂಬಳ ಆಗುತ್ತೆ," ಎಂದರು ಗುಮಾಸ್ತರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಬೇಕಾದ್ರೆ ಬೇರೆಯವರ ಲೇಖನ ತಿದ್ದಿಕೊಡಿ, ಅದಕ್ಕೆ ನಿಮ್ಮಿಂದ ಏನೂ ತಗೊಳ್ಳಲ್ಲ," ಎಂದರು.

ಅದಕ್ಕೇ ಈ ಅಂಚೆ ಕಾರ್ಡು. ಮೂವತ್ತು ಪುಟಗಳ ಸಾರ ಇಷ್ಟೇ: ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಇರುವೆ ನುಗ್ಗುತ್ತದೆ. ಸರಿಯಾಗಿ ಮುಚ್ಚಿಲ್ಲ ಎಂದು ಇನ್ನು ಮಾವನನ್ನು ಬೈಯಬೇಡಿ.

ನೆಗಡಿ ಬಿಟ್ಟರೆ ಚೆನ್ನಾಗಿದ್ದೇನೆ. ಜಾಗ ಮುಗಿಯಿತು.

ನಿಮ್ಮಣ್ಣನ ಮಗಳು

ಅಂಚೆಯಣ್ಣ, ದಾರಿಯಲ್ಲಿ ಹೇಗೂ ಓದಿರುತ್ತೀರಿ. ತಪ್ಪಿದ್ದರೆ ತಿದ್ದಿಕೊಡಿ, ನಿಮ್ಮಿಂದ ಏನೂ ತಗೊಳ್ಳುವುದಿಲ್ಲ.