ಗಾಜಮ್ಮನ ಮುಚ್ಚಳ

ಮಾರ್ಚ್ ೧೪

ನನ್ನ ಗಾಜಮ್ಮಾ,

ಹೇಗಿದ್ದೀಯೇ? ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಪೆನ್ನು ಹಿಡಿದಾಗಲೆಲ್ಲ ಸಿಟ್ಟು ಮುಂದೆ ಬಂದು ಕೂರುತ್ತಿತ್ತು. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಪ್ರಯೋಗಾಲಯದ ಸಿಂಕು ನೀನಿಲ್ಲಿದ್ದಾಗಿನಂತೆ ಇನ್ನೂ ಸೋರುತ್ತಿದೆ. ನನ್ನ ಮಗಳಿಗೆ ನಿನ್ನ ಹಾಗೇ ಎಲ್ಲರನ್ನೂ ಗದರುವ ಚಟ ಹತ್ತಿದೆ.

ನೆನಪಿದೆಯಾ, ಮಿದುಳಿನ ಅಂಗಾಂಶದಿಂದ ಕೊಬ್ಬು ಬೇರ್ಪಡಿಸುವ ನಮ್ಮ ಮೇಜಿನ ಹತ್ತಿರ ಯಾರಾದರೂ ಪ್ಲಾಸ್ಟಿಕ್ ಕೊಳವೆ ತಂದರೆ ನೀನು ಕೂಗುತ್ತಿದ್ದದ್ದು? "ಕೊಬ್ಬು ಕರಗಿಸೋ ಕ್ಲೋರೋಫಾರ್ಮ್ ಪ್ಲಾಸ್ಟಿಕ್ಕನ್ನೂ ನೆಕ್ಕಿಬಿಡುತ್ತೆ ಕಣ್ರೋ! ಆಮೇಲೆ ಮಿದುಳಿಂದು ಯಾವ್ದು, ಮುಚ್ಚಳದ್ದು ಯಾವ್ದು ಅಂತ ನಿಮ್ಮಜ್ಜಿ ಬಂದು ಹೇಳ್ತಾಳಾ?" ಗಾಜಿನದೇ ಬೇಕೆಂದು ಹಟ ಹಿಡಿಯುತ್ತಿದ್ದ ನಿನಗೆ ಗಾಜಮ್ಮ ಎಂಬ ಹೆಸರು ಬಂದದ್ದೇ ಹಾಗೆ.

ಅಂಥ ನೀನು ಮಿದುಳಿನಲ್ಲಿ ಹೊಸ ಕೊಬ್ಬೊಂದನ್ನು ಕಂಡುಹಿಡಿದು ಪ್ರಬಂಧ ಬರೆದಾಗ ಕುಣಿದಾಡಿದವಳು ನಾನೇ. ನಾನೂ ನೋಡೋಣವೆಂದು ನೀನು ಬಳಸಿದ ಕೊಳವೆಗಳನ್ನೇ ತರಿಸಿದೆ. ಗಾಜಿನವೇ. ಮುಚ್ಚಳದ ಒಳಗೆ ಮಾತ್ರ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆ. ನೀನು ಕಲಿಸಿದಂತೆ, ಮೊದಲು ಅಂಗಾಂಶ ಹಾಕದೆ ಬರೀ ಕ್ಲೋರೋಫಾರ್ಮ್ ತುಂಬಿ ಯಂತ್ರಕ್ಕೆ ಕೊಟ್ಟೆ. ಯಂತ್ರ ಬರೆದ ಗೆರೆಯಲ್ಲಿ ನಿನ್ನ ಹೊಸ ಕೊಬ್ಬಿನ ಗುರುತಾದ ಏರು, ಅದೇ ಪೀಕ್, ಮಿದುಳಿನ ಚೂರೂ ಇಲ್ಲದೆ ಅಲ್ಲೇ ನೆಟ್ಟಗೆ ನಿಂತಿತ್ತು.

ಫೋನ್ ಮಾಡಿದೆ. ತಪ್ಪು ಯಾರಿಗಾದರೂ ಆಗುತ್ತದೆ, ಇಬ್ಬರೂ ನಕ್ಕು ತಿದ್ದಿಕೊಳ್ಳುತ್ತೇವೆ ಅಂದುಕೊಂಡಿದ್ದೆ. ನೀನು, "ನಂಗೂ ಗೊತ್ತಾಯ್ತು ಕಣೇ. ಆದ್ರೆ ಭಾಷಣಕ್ಕೆ ಕರೆದುಬಿಟ್ಟಿದ್ದಾರೆ. ಖಾಲಿ ಕೊಳವೆ ಯಾರು ನೋಡ್ತಾರೆ? ಸುಮ್ನಿರು" ಅಂದೆ. ಮರುವಾರ ವೇದಿಕೆಯನ್ನೂ ಹತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳಲಿ? ನನಗೆ ನಿನ್ನಿಂದ ಮೋಸವಾಗಿದೆ ಗಾಜಮ್ಮಾ. ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ನಾನು ಬರೆಯುವ ಮೊದಲು, ಅದು ತಪ್ಪೆಂದು ನೀನೇ ಬರೆ. ಅಷ್ಟೇ ಕೇಳುತ್ತೇನೆ.

ನಿನ್ನ ಮಂಡಿನೋವು ಬೇಗ ವಾಸಿಯಾಗಲಿ. ಮಕ್ಕಳು ನೆಮ್ಮದಿಯಾಗಿರಲಿ.

ಇಂತಿ,
ನಿನ್ನ ಪಕ್ಕದ ಮೇಜಿನವಳು

ತಾ.ಕ.: ಮರೆವು ಶುರುವಾದ ಹೊಸದರಲ್ಲೇ ಅಮ್ಮ ನನಗೆ ಹೇಳಿದ್ದಳು, "ನಾನು ಹೋದ್ಮೇಲೆ ನನ್ನ ಮಿದುಳನ್ನ ಗಾಜಮ್ಮನ ಕೈಗೇ ಕೊಡು. ನೀನು ಮುಟ್ಬೇಡ, ಅತ್ತು ಹಾಳುಮಾಡ್ತೀಯ. ಅವಳಾದ್ರೆ ಜೋಪಾನ ಮಾಡ್ತಾಳೆ." ಅಮ್ಮ ಹೋದಮೇಲೆ ಅವಳ ಮಿದುಳಿದ್ದ ಡಬ್ಬಿಯನ್ನು ನಿನಗೆ ತಂದುಕೊಟ್ಟವಳು ನಾನೇ. ಎಲ್ಲವೂ ಆ ಪ್ರಬಂಧದ ಪ್ರಯೋಗಕ್ಕೇ ಮುಗಿದು, ಅದರಲ್ಲಿ ಒಂದು ಚೂರೂ ಉಳಿದಿಲ್ಲ ಎಂದು ಫೋನಿನಲ್ಲಿ ನೀನೇ ಹೇಳಿದೆ. ಅಮ್ಮ ಕೊನೆಗೆ ನನ್ನನ್ನೇ ಯಾಕೆ ಮರೆತಳು ಎಂದು ಅದರಿಂದಾದರೂ ತಿಳಿಯಬಹುದಿತ್ತು. ನೀನು ಅಮ್ಮನದೆಂದು ಜನಕ್ಕೆ ತೋರಿಸಿ ಚಪ್ಪಾಳೆ ಹೊಡೆಸಿಕೊಂಡದ್ದು ಮುಚ್ಚಳವನ್ನು.